‘ನಿಗೂಢ ಬೆಳಕು’ ಸುದ್ದಿಗೆ ಗಂಟೆ, ದಿಕ್ಕು, ಎತ್ತರವನ್ನೂ ಸೇರಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಆಕಾಶ ತಿಳಿಯಾದರೆ ಸಾಕು, ನಮ್ಮ ಕಾಸರಗೋಡು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ‘ನಿಗೂಢ ಬೆಳಕಿನ’ ವಿಡಿಯೊಗಳು ಸುತ್ತಾಡತೊಡಗುತ್ತವೆ. ಕೆಲವು ಪತ್ರಿಕೆಯ ಜಿಲ್ಲಾ ಪುಟಕ್ಕೂ ಏರುತ್ತವೆ. ಬರಲಿ, ತಪ್ಪಿಲ್ಲ. ಆದರೆ ಬೆಳಕು ಕಂಡ ಗಂಟೆ ಅಲ್ಲಿರುವುದಿಲ್ಲ, ದಿಕ್ಕು ಇರುವುದಿಲ್ಲ, ಎಷ್ಟು ಎತ್ತರದಲ್ಲಿತ್ತು ಎಂಬುದಂತೂ ಇಲ್ಲವೇ ಇಲ್ಲ. ಈ ಮೂರಿದ್ದರೆ ಅದು ಗ್ರಹವೋ ಉಪಗ್ರಹವೋ ವಿಮಾನವೋ ಎಂದು ಹೆಚ್ಚಿನ ಸಲ ಓದುಗರೇ ಹೇಳಿಯಾರು. ಎತ್ತರ ಅಳೆಯಲು ಉಪಕರಣ ಬೇಡ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಕಡಲಂಚಿನಿಂದ ಎರಡು ಮುಷ್ಟಿ ಮೇಲೆ ಎಂದರೆ 20 ಡಿಗ್ರಿ.

ಮೊದಲಿಗೆ, ಬೆಳಕು ನಿಜಕ್ಕೂ ಚಲಿಸುತ್ತಿದೆಯೇ? ಕತ್ತಲೆಯಲ್ಲಿ ಒಂಟಿ ಬೆಳಕನ್ನು ದಿಟ್ಟಿಸುತ್ತ ನಿಂತರೆ ನಮ್ಮ ಕಣ್ಣೇ ಅದನ್ನು ಅಲುಗಾಡಿಸಿ ತೋರಿಸುತ್ತದೆ. ಮೋಡ ಹಾಯುತ್ತಿದ್ದರೆ ಭ್ರಮೆ ಇನ್ನಷ್ಟು ಜಾಸ್ತಿ. ಅಂಗಳದ ಗೋಡೆಗೆ ಬೆನ್ನು ಕೊಟ್ಟು ನಿಂತು, ಬೆಳಕನ್ನು ಮಾಡಿನ ಅಂಚಿಗೋ ವಿದ್ಯುತ್ ಕಂಬದ ತುದಿಗೋ ತಾಗಿಸಿಟ್ಟು ಎರಡು ನಿಮಿಷ ಕಾಯಿರಿ. ತೆಂಗಿನ ಮಡಲು ಬೇಡ, ಗಾಳಿಗೆ ಅದೇ ಓಲಾಡುತ್ತದೆ. ಗ್ರಹ, ನಕ್ಷತ್ರಗಳು ಸರಿಯುವುದು ಗಂಟೆಗೆ ಸುಮಾರು 15 ಡಿಗ್ರಿ. ಎರಡು ನಿಮಿಷಕ್ಕೆ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲದಷ್ಟು. ಅದಕ್ಕಿಂತ ಹೆಚ್ಚು ಸರಿದದ್ದು ಗ್ರಹವಲ್ಲ.

ನಿಂತ ಬೆಳಕುಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಶುಕ್ರ, ಹಿರಿಯರ ಬಾಯಲ್ಲಿ ‘ಬೆಳ್ಳಿ’. ಅದು ಸೂರ್ಯನಿಂದ 47 ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ಸಂಜೆ ಪಶ್ಚಿಮದಲ್ಲಿ ಸೂರ್ಯ ಮುಳುಗಿದ ಮೂರು ಗಂಟೆ ಚಿಲ್ಲರೆಯವರೆಗೆ, ಇಲ್ಲವೇ ಬೆಳಗಿನ ಜಾವ ಪೂರ್ವದಲ್ಲಿ ಕಾಣಬೇಕು. ನಡುರಾತ್ರಿ ನೆತ್ತಿಯ ಮೇಲೆ ಹೊಳೆಯುವುದು ಶುಕ್ರನಲ್ಲ; ಗುರು ಆಗಿರಬಹುದು. ಯಾವ ಗ್ರಹವಾದರೂ ಸೂರ್ಯ ಚಂದ್ರರು ನಡೆಯುವ ದಾರಿಯ ಆಸುಪಾಸಿನಲ್ಲೇ ಇರಬೇಕು. ನಮ್ಮಲ್ಲಿ ಧ್ರುವ ನಕ್ಷತ್ರ ಉತ್ತರದಲ್ಲಿ ಹನ್ನೆರಡೂವರೆ ಡಿಗ್ರಿ ಎತ್ತರದಲ್ಲಷ್ಟೇ ಕಾಣುತ್ತದೆ. ಅದರ ಸುತ್ತಮುತ್ತ ಹೊಳೆಯುವ ಯಾವುದನ್ನೂ ಗ್ರಹ ಎನ್ನುವಂತಿಲ್ಲ. ಮನೆಯ ಪಂಚಾಂಗವೂ ಇಲ್ಲಿ ಕೆಲಸಕ್ಕೆ ಬರುತ್ತದೆ: ಅದರ ನಿರಯನ (ನಕ್ಷತ್ರಗಳನ್ನೇ ಆಧಾರವಾಗಿಟ್ಟ) ರಾಶಿಗಳು ಆಕಾಶದ ನಕ್ಷತ್ರಪುಂಜಗಳಿಗೆ ಹೆಚ್ಚುಕಡಿಮೆ ಹೊಂದುತ್ತವೆ. ಗುರು ಮಿಥುನದಲ್ಲಿ ಎಂದು ಬರೆದಿದ್ದರೆ ಮಿಥುನದ ಜೋಡಿ ನಕ್ಷತ್ರಗಳ ಬಳಿ ಹುಡುಕಬಹುದು. ಫಲ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು.

‘ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ’ ಎಂದು ಶಾಲೆಯಲ್ಲಿ ಕಲಿತದ್ದು ಸರಿ, ಆದರೆ ಪೂರ್ತಿ ಅಲ್ಲ. ನಕ್ಷತ್ರ ಬರೀ ಚುಕ್ಕಿ. ಗ್ರಹಕ್ಕೆ ಪುಟ್ಟ ಬಿಲ್ಲೆಯಷ್ಟು ಅಗಲವಿರುವುದರಿಂದ ಗಾಳಿಯ ಕದಡುವಿಕೆ ಅದರಲ್ಲಿ ಸರಾಸರಿಯಾಗಿ ಅಡಗುತ್ತದೆ. ದಿಗಂತದಿಂದ ಒಂದೂವರೆ ಮುಷ್ಟಿಯೊಳಗೆ ಗಾಳಿಯ ಪದರ ದಪ್ಪ, ಕರಾವಳಿಯಲ್ಲಿ ಉಪ್ಪುಗಾಳಿಯ ಮಬ್ಬು ಬೇರೆ. ಅಷ್ಟು ಕೆಳಗೆ ಗ್ರಹವೂ ಮಿನುಗುತ್ತದೆ. ಡಿಸೆಂಬರ್, ಜನವರಿ ರಾತ್ರಿ ಅಡಿಕೆ ತೋಟದ ಮೇಲೆ ಆಗಷ್ಟೇ ಎದ್ದ ಲುಬ್ಧಕ ನಕ್ಷತ್ರ (ಸಿರಿಯಸ್) ಕೆಂಪು, ನೀಲಿ, ಹಸಿರಾಗಿ ಪಟಪಟನೆ ಬಣ್ಣ ಬದಲಿಸುತ್ತದೆ. ‘ಬಣ್ಣದ ಡ್ರೋನ್’ ಎಂಬ ದೂರು ಬಂದರೆ ಮೊದಲು ಇವನ ಮೇಲೆ ಸಂಶಯಪಡಿ. ದಕ್ಷಿಣದ ಅಗಸ್ತ್ಯ ನಕ್ಷತ್ರ (ಕ್ಯಾನೊಪಸ್) ಇಲ್ಲಿ 25 ಡಿಗ್ರಿಗಿಂತ ಮೇಲೇರುವುದೇ ಇಲ್ಲ, ಅವನದೂ ಇದೇ ಕಥೆ.

ಇನ್ನು ಚಲಿಸುವ ಬೆಳಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ವೇಗ ನೋಡಿ ತೀರ್ಮಾನಿಸುವುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.7 ಕಿ.ಮೀ. ಓಡುತ್ತದೆ, ವಿಮಾನ 10 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಕಾಲು ಕಿ.ಮೀ. ನೆತ್ತಿಯ ಮೇಲೆ ಎರಡೂ ಸೆಕೆಂಡಿಗೆ ಒಂದರಿಂದ ಒಂದೂವರೆ ಡಿಗ್ರಿಯಂತೆ ಸಾಗುತ್ತವೆ. ನೋಡುವವರಿಗೆ ವೇಗ ಒಂದೇ! ಗಮನಿಸಬೇಕಾದ್ದು ದೀಪವನ್ನು. ಉಪಗ್ರಹದಲ್ಲಿ ನಮಗೆ ಕಾಣುವ ದೀಪವಿಲ್ಲ, ಬಿಸಿಲನ್ನು ಪ್ರತಿಫಲಿಸುತ್ತದಷ್ಟೆ: ಒಂದೇ ಬಿಳಿ ಚುಕ್ಕಿ, ಸದ್ದಿಲ್ಲ. ಭೂಮಿಯ ನೆರಳು ಹೊಕ್ಕೊಡನೆ ನಡು ಆಕಾಶದಲ್ಲೇ ಕೆಲವು ಸೆಕೆಂಡುಗಳಲ್ಲಿ ಮಂಕಾಗಿ ಮಾಯ. ‘ಕಣ್ಣೆದುರೇ ಕಾಣೆಯಾಯಿತು’ ಎಂಬ ಮಾತು ಬಂದರೆ ಉಪಗ್ರಹ ಎಂದೇ ಹಿಡಿಯಬಹುದು. ಅದೇ ನೆರಳಿನಿಂದಾಗಿ ನಮ್ಮಲ್ಲಿ ನಿಲ್ದಾಣ ನೆತ್ತಿಯ ಮೇಲೆ ಕಾಣುವುದು ಸೂರ್ಯಾಸ್ತದ ನಂತರ ಸುಮಾರು 1 ಗಂಟೆ 20 ನಿಮಿಷದವರೆಗೆ ಮಾತ್ರ, ಅಥವಾ ಸೂರ್ಯೋದಯಕ್ಕೆ ಮುಂಚಿನ ಅಷ್ಟೇ ಹೊತ್ತು. ಪಶ್ಚಿಮದಂಚಿನಲ್ಲಿ ಇನ್ನೂ ಸ್ವಲ್ಪ ತಡವಾಗಿ. ನಡುರಾತ್ರಿ ಬಯಲಾಟದ ಗದ್ದೆಯಲ್ಲಿ ಕೂತವರ ತಲೆಯ ಮೇಲೆ ಹಾದ ಜ್ವಲಂತ ಬೆಳಕು ನಿಲ್ದಾಣವಲ್ಲ. ಬೇಸಿಗೆಯಲ್ಲಿ ರಾತ್ರಿಯಿಡೀ ಕಾಣುತ್ತದೆ ಎನ್ನುವ ಯುರೋಪಿನ ಬರಹಗಳನ್ನು ಇಲ್ಲಿಗೆ ಎಳೆದು ತರಬಾರದು.

ನೇರ ಪೂರ್ವದಿಂದ ಪಶ್ಚಿಮಕ್ಕೆ ಹೋಗುವುದು, ಇಸ್ರೇಲಿನ ಕೆಲವು ಉಪಗ್ರಹಗಳನ್ನು ಬಿಟ್ಟರೆ, ವಿಮಾನವೆಂದೇ ಲೆಕ್ಕ. ಕೆಲವು ಸೆಕೆಂಡಿಗೊಮ್ಮೆ ನಿಧಾನವಾಗಿ ಬೆಳಗಿ ಮಂಕಾಗುವ ಬಿಳಿ ಚುಕ್ಕಿ ಪಲ್ಟಿ ಹೊಡೆಯುತ್ತಿರುವ ಹಳೆಯ ರಾಕೆಟಿನ ಭಾಗವಿರಬಹುದು. ಮಣಿಸರದಂತೆ ಸಾಲಾಗಿ ಸಾಗಿದರೆ ಹೊಸದಾಗಿ ಹಾರಿಸಿದ, ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇಯಿಂದ ಇವು ಗುಂಪಾಗಿ ಹೋಗುತ್ತಿವೆ, ಕೆಲವು ದಿನಗಳಲ್ಲಿ ಸಾಲು ಚದುರುತ್ತದೆ. ಉರಿದು ಚೂರಾಗುತ್ತ ಅರ್ಧ ನಿಮಿಷಕ್ಕೂ ಹೆಚ್ಚು ಸಾಗಿದರೆ ಉಲ್ಕೆಯಲ್ಲ, ಅದು ಕ್ಷಣದಲ್ಲಿ ಮುಗಿಯುತ್ತದೆ. ಇದು ವಾತಾವರಣಕ್ಕೆ ಮರಳುವ ರಾಕೆಟ್ ಅವಶೇಷ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದವರು ಕಂಡದ್ದು ಅದನ್ನೇ. ಚಂದ್ರಾಪುರ ಜಿಲ್ಲೆಯಲ್ಲಿ ಲೋಹದ ದೊಡ್ಡ ಬಳೆಯೇ ಬಿತ್ತು.

ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು, ಬಲದಲ್ಲಿ ಹಸಿರು ದೀಪ. ಜತೆಗೆ ಸೆಕೆಂಡಿಗೊಮ್ಮೆಯಂತೆ ಮಿಂಚುವ ಬಿಳಿ, ಕೆಂಪು ದೀಪಗಳು. ಹಸಿರು ನಿಮ್ಮ ಎಡಕ್ಕೆ, ಕೆಂಪು ಬಲಕ್ಕೆ ಕಂಡರೆ ನಿಮ್ಮತ್ತಲೇ ಬರುತ್ತಿದೆ. ಸದ್ದು ಕೇಳದ ಮಾತ್ರಕ್ಕೆ ವಿಮಾನವಲ್ಲ ಎನ್ನಬೇಡಿ: 10 ಕಿ.ಮೀ. ಮೇಲಿನ ಸದ್ದು ಕೆಳಗಿಳಿಯಲು ಅರ್ಧ ನಿಮಿಷ ಬೇಕು, ಆಗ ವಿಮಾನ ಏಳೆಂಟು ಕಿ.ಮೀ. ಮುಂದೆ ಹೋಗಿರುತ್ತದೆ. ನಮ್ಮ ಜಿಲ್ಲೆಯ ಬಡಗಿಗೆ ಮಂಗಳೂರು, ತೆಂಕಿಗೆ ಕಣ್ಣೂರು ವಿಮಾನ ನಿಲ್ದಾಣ. ಗಲ್ಫಿನಿಂದ ಕಡಲ ಮೇಲೆ ನೇರ ನಮ್ಮತ್ತ ಇಳಿದು ಬರುವ ವಿಮಾನದ ಲ್ಯಾಂಡಿಂಗ್ ದೀಪ, ಮಂಜೇಶ್ವರ, ಉಪ್ಪಳದ ದಡದಿಂದ ನೋಡಿದರೆ, ಎರಡು ಮೂರು ನಿಮಿಷ ನಿಂತಲ್ಲೇ ನಿಂತಂತೆ ಹೊಳೆದು ಥೇಟ್ ಬೆಳ್ಳಿಯೇ ಎನ್ನಿಸುತ್ತದೆ. ಎರಡು ನಿಮಿಷದ ಪರೀಕ್ಷೆ ಸೋಲುವುದು ಇದೊಂದರಲ್ಲಿ. ಐದು ನಿಮಿಷ ಕಾದರೆ ಅದು ತಿರುಗಿ ಬಣ್ಣದ ದೀಪಗಳಾಗಿ ಒಡೆಯುತ್ತದೆ.

ಮೊಬೈಲ್ ವಿಡಿಯೊಗಳ ಬಗ್ಗೆ ಒಂದು ಮಾತು. ಜೂಮ್ ಮಾಡಿದಾಗ ಕ್ಯಾಮೆರಾ ಫೋಕಸ್ ಸಿಗದೆ ತಡಕಾಡುತ್ತದೆ. ಶುಕ್ರ ಉಬ್ಬಿ ಕುಗ್ಗುವ ತಟ್ಟೆಯಾಗುವುದು ಹಾಗೆ. ಅದರ ಬದಲು ಫೋನನ್ನು ಗೋಡೆಗೊರಗಿಸಿ, ಪ್ರೊ ಮೋಡ್‌ನಲ್ಲಿ ಶಟರ್ 10 ಸೆಕೆಂಡಿಗಿಟ್ಟು, ಫೋಕಸ್ ಅನಂತಕ್ಕಿಟ್ಟು ಒಂದು ಚಿತ್ರ ತೆಗೆಯಲಿ. ಉಪಗ್ರಹ ಕಡಿಯದ ಗೆರೆಯಾಗಿ, ವಿಮಾನ ಚುಕ್ಕಿಚುಕ್ಕಿಯ ಗೆರೆಯಾಗಿ, ಗ್ರಹ ಬರೀ ಚುಕ್ಕಿಯಾಗಿ ಮೂಡುತ್ತವೆ. ವರದಿಗಾರರು ಇಂಥ ಚಿತ್ರವನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಬಾಹ್ಯಾಕಾಶ ನಿಲ್ದಾಣ ಹಾಯುವ ಹೊತ್ತು ಹೆವನ್ಸ್-ಅಬವ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಅಲ್ಲಿ ಸ್ಥಳವನ್ನು 12.5 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ ಎಂದೂ ಸಮಯವನ್ನು ಭಾರತದ್ದೆಂದೂ ತುಂಬಬೇಕು. ಖಾಲಿ ಬಿಟ್ಟರೆ ಆಫ್ರಿಕಾದ ಪಕ್ಕದ ಕಡಲಿನ ಲೆಕ್ಕ ಕೊಡುತ್ತದೆ. ನಿತ್ಯ ಸೂರ್ಯೋದಯ, ಸೂರ್ಯಾಸ್ತ, ರಾಹುಕಾಲ ಅಚ್ಚಾಗುವ ಮೂಲೆಯಲ್ಲಿ ‘ಸಂಜೆ 7ಕ್ಕೆ ಯಾವ ಗ್ರಹ ಯಾವ ದಿಕ್ಕಿಗೆ, ಎಷ್ಟು ಮುಷ್ಟಿ ಮೇಲೆ’ ಎಂದು ಒಂದು ಸಾಲು ಸೇರಿಸಲು ತಮಗೆ ಕಷ್ಟವಾಗಲಾರದು. ಗ್ರಹಗಳ ಸ್ಥಾನ ದಿನದಿಂದ ದಿನಕ್ಕೆ ಅಷ್ಟೇನೂ ಬದಲಾಗದ್ದರಿಂದ ವಾರಕ್ಕೊಮ್ಮೆ ತಿದ್ದಿದರೂ ನಡೆಯುತ್ತದೆ.

ಇತಿ,
ಬದಿಯಡ್ಕ ಪರಿಸರದ ಆಕಾಶ ವೀಕ್ಷಕರು