ಮಗಳಿಗೊಂದು ಪತ್ರ: ಮೊದಲ ಬೈಕಿನ ವಿಚಾರ

ಶಿರಸಿ

ಚಿ. ಕೂಸಿಗೆ, ಅಪ್ಪನ ಆಶೀರ್ವಾದಗಳು.

ಕಾರವಾರದಲ್ಲಿ ಕೆಲಸಕ್ಕೆ ಓಡಾಡಲು ಗೇರ್ ಬೈಕೇ ಬೇಕೆಂದು ನೀನು ಬರೆದದ್ದನ್ನು ಆಯಿಗೂ ಓದಿ ಹೇಳಿದೆ. ಅವಳ ತಕರಾರು ಬೈಕಿನ ಬಗ್ಗೆ ಅಲ್ಲ, ನೀನು ಮೆಚ್ಚಿರುವ 200 ಸಿಸಿ ಗಾಡಿಯ ಬಗ್ಗೆ, ನನ್ನದೂ ಅದೇ. ಸ್ಪ್ಲೆಂಡರ್‌ನ ಎಂಜಿನ್ ಸುಮಾರು 8 ಅಶ್ವಶಕ್ತಿಯದಾದರೆ, ನಿನ್ನ ಗಾಡಿಯದು ಅದರ ಮೂರು ಪಟ್ಟು. ಹೊಸಬರು ಗುಂಡಿಯಲ್ಲಿ ಬೆಚ್ಚಿಬಿದ್ದಾಗ ಕೈ ತನ್ನಷ್ಟಕ್ಕೇ ಆಕ್ಸಿಲರೇಟರನ್ನು ತಿರುವಿಬಿಡುತ್ತದೆ. ಆಗ ಸಣ್ಣ ಎಂಜಿನ್ ಬರೀ ಸದ್ದು ಮಾಡೀತು, ದೊಡ್ಡದು ಮುಂದಿನ ಲಾರಿಯವರೆಗೂ ಒಯ್ದೀತು.

ಶಕ್ತಿಗಿಂತ ಮೊದಲು ತೂಕ ಮತ್ತು ಸೀಟಿನ ಎತ್ತರವನ್ನು ನೋಡು. ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಗಟ್ಟಿಯಾಗಿ ಊರಬೇಕು. ಇಳಿದು ನಿಂತು, ಎಂಜಿನ್ ಆರಿಸಿದ ಗಾಡಿಯನ್ನು ಯಾರ ನೆರವೂ ಇಲ್ಲದೆ ಹಿಂದಕ್ಕೆ ತಳ್ಳಿ ತಿರುಗಿಸಲು ನಿನ್ನಿಂದ ಆಗಬೇಕು. ಸುಮಾರು 195 ಕಿಲೋ ತೂಗುವ ಬುಲೆಟ್, ಏರಿನಲ್ಲಿ ಬಸ್ಸಿಗೆ ದಾರಿ ಬಿಡಲು ನಿಂತಾಗ ತುಸು ವಾಲಿದರೂ ಸಾಕು, ಹಿಡಿದು ನಿಲ್ಲಿಸುವುದು ನನಗೂ ಕಷ್ಟವೇ.

ಇನ್ನು ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಎರಡೂ ಚಕ್ರದ ಬ್ರೇಕನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್ ಇದ್ದರೂ ನಡೆಯಿತು. ಗಾಬರಿಯಲ್ಲಿ ಬ್ರೇಕನ್ನು ಬಿಗಿಯಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಎಬಿಎಸ್ ತಡೆಯುತ್ತದೆ. ಊರಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ಮಳೆಗಾಲದ ಕೆಮ್ಮಣ್ಣು ತೊಳೆದು ಬಂದು ತಿರುವಿನಲ್ಲೇ ಹರಡಿರುತ್ತದೆಯಲ್ಲ, ಅಲ್ಲಿ ಎಬಿಎಸ್ ಕೂಡ ಪವಾಡ ಮಾಡದು, ಆದರೂ ಇರಲೇಬೇಕು. ಹಾಗಾಗಿ ಯೂನಿಕಾರ್ನ್‌ನಂಥ 160 ಸಿಸಿ ಗಾಡಿಯೇ ನಿನಗೆ ಸರಿ ಎಂದು ನನ್ನ ಅಭಿಪ್ರಾಯ. ಅದರ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಬ್ರೇಕನ್ನು ಹಗುರವಾಗಿಯೇ ಒತ್ತಬೇಕು. ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿಟ್ಟರೆ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ಪೆಟ್ರೋಲ್ ಉಳಿತಾಯವೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ನಮ್ಮೂರಿನ ಜಾಣರನ್ನು ಅನುಸರಿಸಬೇಡ.

ಕಲಿಯುವಾಗ ಗಾಡಿ ಒಂದೆರಡು ಸಲ ಬೀಳುವುದೇ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಸಾಕು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನು ಓದು: 2320 ಎಂದಿದ್ದರೆ ಅದು 2020ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾಗಿದ್ದರೆ, ಗೆರೆಗಳು ಎಷ್ಟೇ ಚೆನ್ನಾಗಿ ಕಂಡರೂ, ಹೊಸ ಟೈರಿನ ಹಣವನ್ನು ಬೆಲೆಯಲ್ಲಿ ಕಳೆಯಲು ಹೇಳು. ಹೆಲ್ಮೆಟ್ ಮಾತ್ರ ಹೊಸದೇ ಆಗಬೇಕು: ಐಎಸ್‌ಐ ಮುದ್ರೆಯದು, ಮುಖವಿಡೀ ಮುಚ್ಚುವಂಥದ್ದು, ಬಿಳಿ ಗಾಜಿನದು.

ಸ್ಕೂಟಿಗೆಂದು ಮಾಡಿಸಿದ ನಿನ್ನ ಲೈಸೆನ್ಸ್ ಗೇರ್ ಬೈಕಿಗೆ ಸಲ್ಲುವುದಿಲ್ಲ. ಈ ವಾರವೇ ಎಲ್‌ಎಲ್‌ಆರ್ ಮಾಡಿಸಿದರೆ 30 ದಿನಗಳ ನಂತರ ಟೆಸ್ಟ್ ಕೊಡಬಹುದು. ಗಾಡಿ ಸಿಕ್ಕಿದರೆ ಆರ್‌ಸಿ, ವಿಮೆಯ ಫೋಟೋ ಕಳಿಸು. ನಾನು ಬಂದು ನೋಡುವವರೆಗೆ ಮುಂಗಡ ಕೊಡಬೇಡ.

ಇಂತಿ,
ಅಪ್ಪ