ಮೂರು ತಂಡ ಸಮವಾದರೆ ಏನು ಮಾಡುತ್ತೀರಿ?

ಮಾನ್ಯ ಸಂಪಾದಕರೇ,

ಮಕ್ಕಳ ಪಂದ್ಯಾವಳಿಯೊಂದು ಜಗಳದಲ್ಲಿ ಮುಗಿದದ್ದರ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬಂದ ಪತ್ರದ ಫೋಟೊ ತೆಗೆದು ಅಣ್ಣ ಶಿರಸಿಯಿಂದ ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ. ಜೊತೆಗೆ ತಮ್ಮ ಯುವಕ ಸಂಘ ನಡೆಸಲಿರುವ ಮಕ್ಕಳ ವಾಲಿಬಾಲ್ ಪಂದ್ಯಾವಳಿಯ ಕರಪತ್ರದ ಕರಡೂ ಇತ್ತು. ಪತ್ರ ಬರೆದವರ ವಾದ ಇಷ್ಟು: ಮಕ್ಕಳ ಆಟಕ್ಕೆ ಉದ್ದುದ್ದ ನಿಯಮಗಳೇಕೆ, ಆಡಿಕೊಂಡು ಹೋಗಲಿ, ತಕರಾರು ಬಂದರೆ ನೋಡಿಕೊಳ್ಳಲು ಸಂಘಟಕರಿದ್ದಾರಲ್ಲ. ಅಣ್ಣನ ಕರಪತ್ರದಲ್ಲಿ ಪ್ರವೇಶ ಶುಲ್ಕ, ಬಹುಮಾನದ ಮೊತ್ತ, ಊಟದ ವ್ಯವಸ್ಥೆ ಎಲ್ಲವೂ ಇವೆ. ಕೊನೆಯಲ್ಲಿ ನಾನು ಹುಟ್ಟಿದಾಗಿನಿಂದ ಓದುತ್ತ ಬಂದಿರುವ ಸಾಲು: ‘ನಿರ್ಣಾಯಕರ ತೀರ್ಮಾನವೇ ಅಂತಿಮ.’

ಈ ಸಾಲಿನ ಬಗ್ಗೆಯೇ ನನಗೆ ಬರೆಯಬೇಕೆನಿಸಿದೆ. ಯಾಕೆಂದರೆ ಒಂದು ಶನಿವಾರ ಸಂಜೆ ಆ ಅಂತಿಮ ತೀರ್ಮಾನವನ್ನು ಕೊಟ್ಟವಳು ನಾನೇ.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರೊಂಟೊದಿಂದ ಒಂದು ಗಂಟೆಯ ದಾರಿಯ ಒಂದು ಸಣ್ಣ ಊರಿನಲ್ಲಿ. ವೃತ್ತಿಯಿಂದ ಲೆಕ್ಕಪತ್ರದವಳು. ಸ್ಕೇಟ್ ಕಟ್ಟಿಕೊಂಡು ಎರಡು ಹೆಜ್ಜೆ ಇಟ್ಟರೆ ಮೂರನೆಯದಕ್ಕೆ ನೆಲ ಹಿಡಿಯುತ್ತೇನೆ. ಮಗ ಐಸ್ ಹಾಕಿ ಆಡುತ್ತಾನೆ. ಇಲ್ಲಿ ಮಕ್ಕಳ ಹಾಕಿ ನಿಂತಿರುವುದೇ ಅಪ್ಪ ಅಮ್ಮಂದಿರ ಬಿಟ್ಟಿ ದುಡಿಮೆಯ ಮೇಲೆ. ಒಬ್ಬರು ಬಾಗಿಲಲ್ಲಿ ಟಿಕೆಟ್ ಕೊಡುತ್ತಾರೆ, ಒಬ್ಬರು ಗಡಿಯಾರದ ಗುಂಡಿ ಒತ್ತುತ್ತಾರೆ, ಒಬ್ಬರು ಕಾಫಿ ಕಾಯಿಸುತ್ತಾರೆ. ‘ನೀನು ಲೆಕ್ಕದವಳು’ ಎಂದು ಟೂರ್ನಿಯ ನಿಯಮದ ಹಾಳೆಯನ್ನು ನನ್ನ ಕೈಗೆ ಕೊಟ್ಟು ಆರು ವರ್ಷಗಳಾದವು.

ಟೂರ್ನಿ ನಡೆಸಲು ಮೊದಲು ಪ್ರಾಂತ್ಯದ ಹಾಕಿ ಸಂಸ್ಥೆಯಿಂದ ಪರವಾನಗಿ ಬೇಕು. ಬರುವ ತಂಡವೂ ತನ್ನ ಸಂಘದ ಪ್ರಯಾಣದ ಅನುಮತಿ ಪತ್ರ ಮತ್ತು ಅನುಮೋದಿತ ಆಟಗಾರರ ಪಟ್ಟಿಯನ್ನು ತರಬೇಕು. ಅವೆರಡೂ ನನ್ನ ಮೇಜಿನ ಮೇಲೆ ಬಾರದೆ ಯಾರೂ ಮಂಜಿಗೆ ಇಳಿಯುವಂತಿಲ್ಲ. ಪಟ್ಟಿಯಲ್ಲಿಲ್ಲದ ಹುಡುಗನನ್ನು ಕರೆತಂದು ‘ಇವನೂ ನಮ್ಮವನೇ, ಒಂದು ಪಂದ್ಯಕ್ಕೆ’ ಎನ್ನುವ ಕಥೆಗೆ ಅಲ್ಲಿಗೇ ತೆರೆ. ವಯಸ್ಸಿನ ಲೆಕ್ಕವೂ ಒಂದೇ ಗೆರೆಯದು: ಆ ವರ್ಷದ ಡಿಸೆಂಬರ್ 31ಕ್ಕೆ ಹನ್ನೊಂದು ತುಂಬಿರದವರು ಯು–11ಕ್ಕೆ, ಹದಿಮೂರು ತುಂಬಿರದವರು ಯು–13ಕ್ಕೆ. 2020ರವರೆಗೆ ಈ ವಿಭಾಗಗಳಿಗೆ ಆ್ಯಟಮ್, ಪೀವೀ, ಬ್ಯಾಂಟಮ್, ಮಿಡ್ಜೆಟ್ ಎಂಬ ಹೆಸರುಗಳಿದ್ದವು. ಕೊನೆಯದು ಕುಳ್ಳಗಿರುವವರನ್ನು ಹೀಗಳೆಯುವ ಪದವೆಂಬ ಆಕ್ಷೇಪ ಬಂದು ಎಲ್ಲವನ್ನೂ ಸಂಖ್ಯೆಗೆ ಬದಲಿಸಿದರು. ಈ ಗೆರೆಯಿಂದ ಜನವರಿಯಲ್ಲಿ ಹುಟ್ಟಿದ ಮಕ್ಕಳಿಗೆ ಲಾಭ, ವರ್ಷದ ಕೊನೆಯಲ್ಲಿ ಹುಟ್ಟಿದವರಿಗೆ ನಷ್ಟ. ನನ್ನ ಮಗ ನವೆಂಬರಿನವನು. ತಂಡದ ಫೋಟೊದಲ್ಲಿ ಯಾವಾಗಲೂ ಮುಂದಿನ ಸಾಲಿನಲ್ಲಿ ಮಂಡಿಯೂರಿ ಕೂತಿರುತ್ತಾನೆ. ಆದರೂ ಆ ಗೆರೆಯ ಬಗ್ಗೆ ನನಗೆ ತಕರಾರಿಲ್ಲ. ಎಲ್ಲಿ ಎಳೆದರೂ ಯಾರಿಗೋ ತಾಗುತ್ತದೆ.

ಸಮಯದ ನಿಯಮಗಳು ಇನ್ನೂ ಕಟ್ಟುನಿಟ್ಟು. ಇಲ್ಲಿ ಮೈದಾನವೆಂದರೆ 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆ. ಅದು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಸರಕು. ಪಂದ್ಯ ಮುಗಿದ ಮೇಲೆ ಜಾಂಬೋನಿ ಯಂತ್ರ ಬಂದು ಮೇಲ್ಪದರವನ್ನು ಕೆರೆದು, ನೀರು ಹರಡಿ, ಅದು ಗಟ್ಟಿಯಾಗಲು ಹತ್ತು ನಿಮಿಷವಾದರೂ ಬೇಕು. ಬೆಳಗಿನ ಏಳರ ಪಂದ್ಯ ತಡವಾದರೆ ಆ ತಡ ದಿನವಿಡೀ ಉರುಳಿಕೊಂಡು ಹೋಗಿ ರಾತ್ರಿಯ ಕೊನೆಯ ಪಂದ್ಯದ ಮಕ್ಕಳ ನಿದ್ದೆಗೆ ಬರುತ್ತದೆ. ಹಾಗಾಗಿ ನಮ್ಮ ಹಾಳೆಯಲ್ಲಿ ಎಲ್ಲವೂ ಬರೆದಿದೆ: ಹದಿನೈದು ನಿಮಿಷ ಮೊದಲೇ ಸಿದ್ಧವಾಗಿರಬೇಕು, ಮೈ ಬಿಸಿ ಮಾಡಿಕೊಳ್ಳಲು ಮೂರು ನಿಮಿಷ, ಆಮೇಲೆ ಹತ್ತು, ಹತ್ತು, ಹನ್ನೆರಡು ನಿಮಿಷಗಳ ಮೂರು ಅವಧಿ, ಲೀಗ್ ಹಂತದಲ್ಲಿ ಟೈಮ್‌ಔಟ್ ಇಲ್ಲ. ಬಾಡಿಗೆಯ ಹೊತ್ತು ಮುಗಿದ ಗಂಟೆ ಹೊಡೆದಾಗ ಎಷ್ಟಿದೆಯೋ ಅದೇ ಫಲಿತಾಂಶ. ಮುಖ್ಯ ಅತಿಥಿಗಳಿಗಾಗಿ ಕಾಯುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಮುಖ್ಯ ಅತಿಥಿಗಳೇ ಇಲ್ಲ.

ಈಗ ಆ ಶನಿವಾರ. ಯು–11 ವಿಭಾಗ, ನಾಲ್ಕು ತಂಡಗಳ ಒಂದು ಗುಂಪು, ಮೊದಲ ಎರಡು ತಂಡಗಳಿಗೆ ಮರುದಿನ ಸೆಮಿಫೈನಲ್. ತಂಡಗಳನ್ನು ಅಂಗಿಯ ಬಣ್ಣದಿಂದಲೇ ಹೇಳುತ್ತೇನೆ. ನೀಲಿಯವರು ಕೆಂಪಿನವರನ್ನು 4–1ರಿಂದ ಸೋಲಿಸಿದರು. ಕೆಂಪಿನವರು ಹಸಿರಿನವರನ್ನು 3–2ರಿಂದ. ಹಸಿರಿನವರು ನೀಲಿಯವರನ್ನು 2–1ರಿಂದ. ಪಾಪದ ಬಿಳಿಯ ತಂಡ ಮೂವರಿಗೂ ಸೋತಿತು: ನೀಲಿಗೆ 0–5, ಹಸಿರಿಗೆ 0–3, ಕೆಂಪಿಗೆ 1–8. ಮೂರು ತಂಡಗಳಿಗೂ ತಲಾ ಎರಡು ಗೆಲುವು, ತಲಾ ನಾಲ್ಕು ಅಂಕ.

ನಮ್ಮ ಹಾಳೆಯ ಮೊದಲ ಸಾಲು: ಎರಡು ತಂಡ ಸಮವಾದರೆ ಅವರಿಬ್ಬರ ನಡುವಿನ ಪಂದ್ಯದಲ್ಲಿ ಗೆದ್ದವರು ಮುಂದೆ. ಎರಡನೆಯ ಸಾಲು: ಮೂರು ತಂಡ ಸಮವಾದರೆ, ಹೊಡೆದ ಗೋಲುಗಳನ್ನು ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಒಟ್ಟು ಮೊತ್ತದಿಂದ ಭಾಗಿಸಿ, ಹೆಚ್ಚು ಬಂದವರು ಮುಂದೆ. ಗೋಲಿನ ಅಂತರವನ್ನೇ ಎಣಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಅಂತರ ಎಣಿಸಿದರೆ ಬಲಾಢ್ಯ ತಂಡ ದುರ್ಬಲರ ಮೇಲೆ ಹತ್ತು, ಹನ್ನೆರಡು, ಹದಿನೈದು ಎಂದು ಹೊಡೆಯುತ್ತಲೇ ಹೋಗುತ್ತದೆ. ಈ ಭಾಗಾಕಾರದಲ್ಲಿ ಯಾವ ಪಂದ್ಯದಲ್ಲೂ ಗೋಲು ಬಿಡದ ತಂಡಕ್ಕೆ 2–0 ಆದರೂ ಒಂದೇ, 10–0 ಆದರೂ ಒಂದೇ; ಬಿಟ್ಟಿದ್ದರೂ ಹೊಡೆಯುತ್ತ ಹೋದಷ್ಟೂ ಪ್ರತಿ ಗೋಲಿನ ಲಾಭ ಕಡಿಮೆಯಾಗುತ್ತದೆ. ಒಂಟಾರಿಯೊದ ಟೂರ್ನಿಗಳಲ್ಲಿ ಇದು ಸಾಮಾನ್ಯ. ಲೆಕ್ಕದವಳಾದ ನನಗೆ ಇದು ಬಹಳ ಇಷ್ಟದ ಸೂತ್ರ, ಅಂದರೆ ಆ ಸಂಜೆ ಐದೂವರೆಯವರೆಗೆ.

ನೀಲಿ: 10 ಭಾಗಿಸು 13, ಅಂದರೆ 0.769. ಮೊದಲ ಸ್ಥಾನ, ತಕರಾರಿಲ್ಲ. ಹಸಿರು: 7 ಭಾಗಿಸು 11, 0.636. ಕೆಂಪು: 12 ಭಾಗಿಸು 19, 0.631. ಮೊಬೈಲಿನಲ್ಲಿ ಮೂರು ಸಲ ಒತ್ತಿ ನೋಡಿದೆ, ಮತ್ತೆ ಕಾಗದದ ಮೇಲೆ ಕೈಯಲ್ಲೇ ಭಾಗಿಸಿದೆ. ಮೂರನೆಯ ದಶಮಾಂಶ ಸ್ಥಾನದಲ್ಲಿ ಹಸಿರಿನವರು ಮುಂದೆ. ಅವರ ಹೆಸರನ್ನು ಗೋಡೆಯ ಪಟ್ಟಿಯಲ್ಲಿ ಬರೆದೆ.

ಎರಡು ನಿಮಿಷಕ್ಕೆ ಕೆಂಪು ತಂಡದ ಕೋಚ್ ಬಂದರು. ದನಿ ಏರಿಸಲಿಲ್ಲ. ನನ್ನದೇ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು: ‘ನೀಲಿಯವರು ಮೇಲೆ ಹೋದ ಮೇಲೆ ಉಳಿದದ್ದು ಎರಡೇ ತಂಡ. ಎರಡು ತಂಡ ಸಮವಾದರೆ ಪರಸ್ಪರ ಪಂದ್ಯ ನೋಡಬೇಕೆಂದು ನೀವೇ ಮೊದಲ ಸಾಲಿನಲ್ಲಿ ಬರೆದಿದ್ದೀರಿ. ನಾವು ಇವರನ್ನು ಸೋಲಿಸಿದ್ದೇವೆ.’

ಹಾಳೆಯನ್ನು ನೋಡಿದೆ. ಅವರು ಹೇಳಿದಂತೆಯೂ ಓದಬಹುದಿತ್ತು, ನಾನು ಓದಿದಂತೆಯೂ ಓದಬಹುದಿತ್ತು. ಮೂವರಲ್ಲಿ ಒಬ್ಬರ ಸ್ಥಾನ ನಿರ್ಧಾರವಾದ ಮೇಲೆ ಉಳಿದಿಬ್ಬರಿಗೆ ಮತ್ತೆ ಮೊದಲ ಸಾಲಿಗೆ ಹಿಂದಿರುಗಬೇಕೋ, ಎರಡನೆಯ ಸಾಲಿನಲ್ಲೇ ಮುಂದುವರಿಯಬೇಕೋ? ಆ ಒಂದು ವಾಕ್ಯವನ್ನು ನಾನು ಬರೆದಿರಲಿಲ್ಲ. ಹಾಳೆಯ ಕೊನೆಯಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ಇತ್ತು: ‘ಟೂರ್ನಿ ಸಮಿತಿಯ ತೀರ್ಮಾನವೇ ಅಂತಿಮ, ಮೇಲ್ಮನವಿ ಇಲ್ಲ.’ ಹೌದು ಸ್ವಾಮಿ, ಅದು ಕೆನಡಾದಲ್ಲೂ ಇದೆ.

ಅದನ್ನೇ ಓದಿದೆ. ಬೇರೇನೂ ಹೇಳಲು ತೋಚಲಿಲ್ಲ. ಗೋಲಿನ ಅಂತರದಲ್ಲಿ ಕೆಂಪಿನವರೇ ಮುಂದೆ, ನೇರ ಪಂದ್ಯದಲ್ಲೂ ಅವರೇ ಮುಂದೆ. ಮನೆಗೆ ಹೋದವರೂ ಅವರೇ. ಅವರ ಹುಡುಗನೊಬ್ಬ ಗೋಡೆಯ ಪಟ್ಟಿಯ ಮುಂದೆ, ಕತ್ತಿನ ರಕ್ಷಾಪಟ್ಟಿಯನ್ನೂ ಬಿಚ್ಚದೆ, ತುಂಬ ಹೊತ್ತು ನಿಂತಿದ್ದ. ಹತ್ತು ವರ್ಷದವನಿರಬೇಕು. ಅವನಿಗೆ ದಶಮಾಂಶ ಇನ್ನೂ ಶಾಲೆಯಲ್ಲಿ ಬಂದಿತ್ತೋ ಇಲ್ಲವೋ.

ಇನ್ನೊಂದು ಸಂಗತಿ ರಾತ್ರಿ ಮನೆಗೆ ಬಂದ ಮೇಲೆ ಹೊಳೆಯಿತು. ಬಿಳಿಯವರು ಮೂರೂ ಪಂದ್ಯ ಸೇರಿ ಹೊಡೆದದ್ದು ಒಂದೇ ಗೋಲು, ಅದೂ ಕೆಂಪಿನವರ ವಿರುದ್ಧ, 0–8 ಇದ್ದಾಗ. ಏಳು ಗೋಲಿನ ಅಂತರವಾದರೆ ಕೊನೆಯ ಅವಧಿಯಲ್ಲಿ ಗಡಿಯಾರ ನಿಲ್ಲುವುದಿಲ್ಲ ಎಂಬುದು ನಮ್ಮ ನಿಯಮ. ಅದು ಓಡುತ್ತಲೇ ಇತ್ತು. ತಂಡದಲ್ಲೇ ಚಿಕ್ಕವಳೊಬ್ಬಳು, ಬಿದ್ದುಕೊಂಡೇ ಪಕ್ ಅನ್ನು, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು, ತಳ್ಳಿದಳು. ಅದು ಗೋಲ್‌ಕೀಪರನ ಕಾಲಿನ ಸಂದಿಯಲ್ಲಿ ಜಾರಿ ಒಳಗೆ ಹೋಯಿತು. ಇಡೀ ಅಂಗಳ ಎದ್ದು ನಿಂತು ಚಪ್ಪಾಳೆ ತಟ್ಟಿತು, ಕೆಂಪು ತಂಡದ ತಾಯಂದಿರೂ ಸೇರಿ. ಆ ಗೋಲು ಆಗಿರದಿದ್ದರೆ 12 ಭಾಗಿಸು 18, ಅಂದರೆ 0.666, ಕೆಂಪಿನವರು ಸೆಮಿಫೈನಲ್‌ಗೆ ಹೋಗುತ್ತಿದ್ದರು. ಇದನ್ನು ನಾನು ಅಲ್ಲಿ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು ಬರೆಯುತ್ತಿರುವುದು.

ಮರುವರ್ಷದ ಹಾಳೆಯಲ್ಲಿ ಒಂದು ವಾಕ್ಯ ಸೇರಿಸಿದೆ: ಒಂದು ತಂಡದ ಸ್ಥಾನ ನಿರ್ಧಾರವಾದ ಕೂಡಲೇ ಉಳಿದವರಿಗೆ ಮೊದಲ ಸಾಲಿನಿಂದ ಮತ್ತೆ ಶುರು. ಬೇರೆ ಟೂರ್ನಿಗಳ ಹಾಳೆಗಳನ್ನು ತರಿಸಿ ನೋಡಿದರೆ ಕೆಲವರು ಹೀಗೆ, ಕೆಲವರು ಇದಕ್ಕೆ ತದ್ವಿರುದ್ಧವಾಗಿ ಬರೆದಿದ್ದರು. ಯಾವುದಾದರೂ ಸರಿ, ಮೊದಲ ಪಕ್ ಬೀಳುವ ಮುನ್ನ ಬರೆದಿದ್ದರಾಯಿತು. ಸಂಘಟಕರನ್ನು ನಂಬಿ ಎನ್ನುವ ಪತ್ರಲೇಖಕರಿಗೆ ನನ್ನ ಉತ್ತರವೂ ಇಷ್ಟೇ. ಆ ಸಂಜೆ ನಾನು ಯಾವ ತಂಡದ ಪಕ್ಷಪಾತಿಯೂ ಆಗಿರಲಿಲ್ಲ, ಆದರೂ ನಂಬಲು ಯಾರಿಗೂ ಕಾರಣವಿರಲಿಲ್ಲ.

ಹಾಗೆಂದು ಬರೆದ ನಿಯಮಗಳೆಲ್ಲ ಗೋಲಿನ ಲೆಕ್ಕದವೇ ಅಲ್ಲ. ಹೆಚ್ಚಿನವು ಮೈಗೆ ಪೆಟ್ಟಾಗದಿರಲು ಇರುವಂಥವು. 2013ರಿಂದ ಕೆನಡಾದಲ್ಲಿ ಯು–13 ಮತ್ತು ಅದಕ್ಕಿಂತ ಚಿಕ್ಕವರ ಆಟದಲ್ಲಿ ಎದುರಾಳಿಗೆ ಮೈಯಿಂದ ಗುದ್ದುವುದು ಪೂರ್ತಿ ನಿಷಿದ್ಧ. ಇಲ್ಲಿನ ಮಕ್ಕಳ ಅಂಗಿಯ ಬೆನ್ನಿನ ಮೇಲೆ, ಕುತ್ತಿಗೆಯ ಹತ್ತಿರ, ರಸ್ತೆಯ ‘ಸ್ಟಾಪ್’ ಫಲಕದಂಥ ಸಣ್ಣ ಕೆಂಪು ಗುರುತು ಹೊಲಿದಿರುತ್ತದೆ. ಹಿಂದಿನಿಂದ ಬರುವವನಿಗೆ ಬೆನ್ನು ಕಂಡರೆ ಈ ಗುರುತೂ ಕಾಣಬೇಕು, ತಳ್ಳಬಾರದು. ಒಂಟಾರಿಯೊದ ವಿಂಡ್ಸರ್ ಎಂಬ ಊರಿನಲ್ಲಿ ಹುಟ್ಟಿದ ಉಪಾಯವದು. ತಳ್ಳಿದರೆ ಆ ಪಂದ್ಯದಿಂದಲೇ ಹೊರಗೆ.

ತಲೆಗೆ ಪೆಟ್ಟಿನ ವಿಷಯದಲ್ಲಂತೂ ಟೂರ್ನಿ ಸಮಿತಿಗೆ ಮಾತೇ ಇಲ್ಲ. 2013ರಲ್ಲಿ ಒಟ್ಟಾವಾ ನಗರದ 17 ವರ್ಷದ ರಗ್ಬಿ ಆಟಗಾರ್ತಿ ರೋವನ್ ಸ್ಟ್ರಿಂಗರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ತಿಂದು ತೀರಿಕೊಂಡಳು. ಅವಳ ಹೆಸರಿನಲ್ಲೇ 2018ರಲ್ಲಿ ಒಂಟಾರಿಯೊ ಕಾನೂನು ಮಾಡಿತು. ಮೆದುಳಿಗೆ ಆಘಾತವಾಗಿರಬಹುದೆಂಬ ಅನುಮಾನ ಬಂದರೆ ಸಾಕು, ಮಗುವನ್ನು ಆಟದಿಂದ ತೆಗೆಯಬೇಕು. ವೈದ್ಯಕೀಯ ತಪಾಸಣೆಯಾಗಿ ಒಪ್ಪಿಗೆ ಸಿಗದೆ ಮರಳಿ ಬಿಡುವಂತಿಲ್ಲ. ಒಮ್ಮೆ ಫೈನಲ್ ದಿನ ಹುಡುಗನೊಬ್ಬ ಅಂಗಳದ ಅಂಚಿನ ಹಲಗೆಗೆ ತಲೆ ಬಡಿದುಕೊಂಡು ಕೂತ. ಅವನ ತಂದೆ ಬಂದು ‘ನನ್ನ ಮಗ, ನಾನು ಹೇಳುತ್ತೇನೆ, ಏನೂ ಆಗಿಲ್ಲ’ ಎಂದರು. ತಂಡದ ಆರೈಕೆಯ ಹೊಣೆ ಹೊತ್ತ ಹೆಂಗಸು ಆ ಹುಡುಗನ ಹೆಲ್ಮೆಟ್ಟನ್ನು ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತರು, ವಾದಕ್ಕೇ ಇಳಿಯಲಿಲ್ಲ. ಹೆಲ್ಮೆಟ್ ಇಲ್ಲದೆ ಇಳಿಯುವುದಾದರೂ ಹೇಗೆ?

ರೆಫರಿಗಳ ಬಗ್ಗೆಯೂ ಒಂದು ಮಾತು. ಚಿಕ್ಕವರ ಪಂದ್ಯಗಳಿಗೆ ಸೀಟಿ ಊದುವವರು ಹಲವು ಸಲ ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರೇ. ದೊಡ್ಡವರು ಅವರ ಮೇಲೆ ಕೂಗಾಡುವುದು ಎಷ್ಟು ಹೆಚ್ಚಿತೆಂದರೆ ಕೆನಡಾದ ಹಲವೆಡೆ ಹದಿನೆಂಟು ತುಂಬದ ರೆಫರಿಗಳ ತೋಳಿಗೆ ಹಸಿರು ಪಟ್ಟಿ ಕಟ್ಟುತ್ತಿದ್ದಾರೆ: ಇದೂ ಮಗುವೇ, ನೆನಪಿರಲಿ ಎಂದು. ಕೋಚ್ ಮೇಲೆ ಪೋಷಕರಿಗೆ ಸಿಟ್ಟು ಬಂದರೆ ಇಪ್ಪತ್ತನಾಲ್ಕು ಗಂಟೆ ಕಳೆಯದೆ ದೂರು ಹೇಳುವಂತಿಲ್ಲ ಎಂಬ ನಿಯಮವನ್ನೂ ಬಹಳಷ್ಟು ಸಂಘಗಳು ಇಟ್ಟುಕೊಂಡಿವೆ. ನಾನೇ ಒಮ್ಮೆ, ಮಗನನ್ನು ಒಂದಿಡೀ ಅವಧಿ ಬೆಂಚಿನಲ್ಲಿ ಕೂರಿಸಿದ್ದಕ್ಕೆ, ಉದ್ದದ ಇಮೇಲ್ ಬರೆದಿಟ್ಟು ಗಂಟೆ ಎಣಿಸಿದ್ದೆ. ಮರುದಿನ ಓದಿದಾಗ ನನಗೇ ನಾಚಿಕೆಯಾಯಿತು. ಅಳಿಸಿಬಿಟ್ಟೆ.

ನಮ್ಮಲ್ಲಿ ಇಲ್ಲದ, ಆದರೆ ನನಗೆ ಬೇಕೆನಿಸುವ ನಿಯಮವೊಂದು ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿದೆ. ಪಂದ್ಯದಲ್ಲಿ ದಂಡದ ನಿಮಿಷಗಳು, ಅಂದರೆ ತಪ್ಪು ಮಾಡಿದ ಆಟಗಾರರು ಹೊರಗೆ ಕೂರಬೇಕಾದ ಹೊತ್ತು, ಮಿತಿಯೊಳಗೆ ಇದ್ದರೆ, ಸೋತ ತಂಡಕ್ಕೂ ಸ್ವಚ್ಛ ಆಟದ ಒಂದು ಅಂಕ ಸಿಗುತ್ತದೆ. ಸಮಿತಿಯ ಸಭೆಯಲ್ಲಿ ಎರಡು ಸಲ ಎತ್ತಿದ್ದೇನೆ. ‘ಲೆಕ್ಕ ಇನ್ನೂ ಜಟಿಲವಾಗುತ್ತದೆ’ ಎಂದು ಎರಡು ಸಲವೂ ಬಿದ್ದುಹೋಯಿತು. ಲೆಕ್ಕ ಮಾಡುವವಳು ನಾನು, ಜಟಿಲವಾಗುವುದು ಅವರಿಗೆ!

ಏಳರೊಳಗಿನ ಪುಟಾಣಿಗಳಿಗೆ ಮಾತ್ರ ನಿಮ್ಮ ಪತ್ರಲೇಖಕರ ಮಾತು ಸಲ್ಲುತ್ತದೆ. ಮಂಜಿನ ಅಂಗಳದ ಒಂದು ಭಾಗದಲ್ಲಿ ಹಗುರವಾದ ನೀಲಿ ಪಕ್ ಇಟ್ಟುಕೊಂಡು ಆಡುತ್ತಾರೆ. ಗೋಲು ಬರೆದಿಡುವುದಿಲ್ಲ, ಗೆಲುವಿಲ್ಲ, ಸೋಲಿಲ್ಲ. ಹೊರಗೆ ಬಂದ ಮೇಲೆ ಕಾರಿನಲ್ಲಿ ‘ನಾವು ಆರು, ಅವರು ನಾಲ್ಕು’ ಎಂದು ಅವೇ ಹೇಳಿಕೊಳ್ಳುತ್ತವೆ, ಅದು ಬೇರೆ.

ಅಣ್ಣನ ಕರಪತ್ರ ಇನ್ನೂ ಮುದ್ರಣಕ್ಕೆ ಹೋಗಿಲ್ಲವಂತೆ. ಆ ಕೊನೆಯ ಸಾಲು ಇರಲಿ, ಅದರ ಮೇಲೆ ಜಾಗ ಮಾಡು ಎಂದು ಹೇಳಿದ್ದೇನೆ. ಮೂರು ತಂಡ ಸಮವಾದರೆ ಸೆಟ್ ನೋಡುತ್ತೀಯೋ, ಪಾಯಿಂಟ್ ನೋಡುತ್ತೀಯೋ, ಒಂದು ತಂಡದ ಸ್ಥಾನ ನಿರ್ಧಾರವಾದ ಮೇಲೆ ಉಳಿದಿಬ್ಬರಿಗೆ ಏನು ಎಂದು ಕೇಳಿ ಸಂದೇಶ ಕಳುಹಿಸಿ ನಾಲ್ಕು ದಿನವಾಯಿತು. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.

ಇತಿ,
ಶಿರಸಿ ಮೂಲದ ನಿಮ್ಮ ಓದುಗಾರ್ತಿ
ಒಂಟಾರಿಯೊ, ಕೆನಡಾ