ಹೋರಿಯ ತಲೆಯಿಂದ ‘ಎ’ ವರೆಗೆ

ಮಾನ್ಯ ಸಂಪಾದಕರೇ,

‘ಅಕ್ಷರಮಾಲೆಯನ್ನು ಫಿನೀಷಿಯನ್ನರು ಕಂಡುಹಿಡಿದರು’ ಎಂಬ ಮಾತು ಆಗಾಗ ಅಚ್ಚಾಗುತ್ತದೆ. ಅದು ಅರ್ಧ ಸತ್ಯ. ಈಜಿಪ್ಟಿನ ಸಿನಾಯ್‌ನ ಫಿರೋಜಾ ಕಲ್ಲಿನ ಗಣಿಗಳ ಬಳಿ ಸಿಕ್ಕ ಅಕ್ಷರಗಳು ಅವರ ಲಿಪಿಗಿಂತ ಶತಮಾನಗಳಷ್ಟು ಹಳೆಯವು. ಫಿನೀಷಿಯದ (ಇಂದಿನ ಲೆಬನಾನ್ ಕರಾವಳಿಯ) ಟೈರ್, ಸಿಡಾನ್, ಬಿಬ್ಲೋಸ್ ನಗರಗಳ ವರ್ತಕರು ಅಕ್ಷರಮಾಲೆಯನ್ನು ಬಲದಿಂದ ಎಡಕ್ಕೆ ಬರೆಯುವ 22 ಅಕ್ಷರಗಳ ರೂಪದಲ್ಲಿ ಹಡಗು ಹತ್ತಿಸಿದರು.

ಆ 22ರಲ್ಲಿ ಸ್ವರ ಒಂದೂ ಇಲ್ಲ. ನಾವು ಗುಣಿತಾಕ್ಷರ ಬಿಟ್ಟು ಬರೆದಂತೆ. ಇದೇ ಅಕ್ಷರಮಾಲೆಯ ಬಳಗಕ್ಕೆ ಸೇರಿದ ಹೀಬ್ರೂವಿನಲ್ಲಿ ದ-ಬ-ರ ಎಂಬ ಮೂರೇ ಅಕ್ಷರಗಳನ್ನು ‘ದಾವಾರ್’ ಎಂದು ಓದಿದರೆ ಮಾತು, ‘ದೆವೆರ್’ ಎಂದರೆ ಪಿಡುಗು, ‘ದಿಬ್ಬೆರ್’ ಎಂದರೆ ಮಾತನಾಡಿದನು! ತೊಡಕು ತಪ್ಪಿಸಲು ಮೊದಲು ಹೇ, ವಾವ್, ಯೋದ್ ಅಕ್ಷರಗಳನ್ನೇ ಸ್ವರಸೂಚಕಗಳಾಗಿ ದುಡಿಸಿಕೊಂಡರು. ಬಹಳ ಕಾಲದ ನಂತರ ಟೈಬೀರಿಯಾಸ್ ಪಟ್ಟಣದ ಮಸೋರೆಟ್ ಪಂಡಿತರು (ಹೀಬ್ರೂ ಬೈಬಲ್ ಪಾಠವನ್ನು ಕಾಪಾಡಿದ ಯಹೂದಿ ವಿದ್ವಾಂಸರು) ಅಕ್ಷರದ ಮೇಲೆ ಕೆಳಗೆ ಚುಕ್ಕಿ, ಗೆರೆ ಸೇರಿಸಿದರು. ಇಂದಿನ ಹೀಬ್ರೂ ಪತ್ರಿಕೆಗಳು ಆ ಚುಕ್ಕಿಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಸಂದರ್ಭ ನೋಡಿಯೇ ಓದಬೇಕು.

ಇನ್ನೊಂದು ಗೊಂದಲ ಹೀಬ್ರೂವಿನ ಎರಡು ಲಿಪಿಗಳದ್ದು: ಈಗಿನ ಚೌಕಾಕಾರದ ಹೀಬ್ರೂ ಲಿಪಿ ನೆರೆಯ ಅರಮಾಯಿಕ್ ಭಾಷೆಯ ಲಿಪಿಯಿಂದ ಬಂದದ್ದು. 1880ರಲ್ಲಿ ಜೆರುಸಲೇಮಿನ ಸುರಂಗದಲ್ಲಿ ಸಿಕ್ಕ ಸಿಲೋಮ್ ಶಾಸನ ಅದಕ್ಕಿಂತ ಹಳೆಯ ಹೀಬ್ರೂ ಲಿಪಿಯಲ್ಲಿದೆ. ಆ ಲಿಪಿಯ ಕುಡಿಯನ್ನು ಆ ಪ್ರದೇಶದ ಪುಟ್ಟ ಧಾರ್ಮಿಕ ಸಮುದಾಯವಾದ ಸಮಾರಿಟನ್ನರು ಇಂದಿಗೂ ಬಳಸುತ್ತಾರೆ.

ಫಿನೀಷಿಯನ್ನರಿಂದ ಲಿಪಿ ಪಡೆದ ಗ್ರೀಕರು ತಮ್ಮ ಭಾಷೆಯಲ್ಲಿ ಇಲ್ಲದ ವ್ಯಂಜನಗಳ ಚಿಹ್ನೆಗಳನ್ನು ಸ್ವರಗಳಿಗೆ ಕೊಟ್ಟರು. ಆಲೆಫ್ ಆಲ್ಫಾ ಆಯಿತು, ಅಯಿನ್ ‘ಒ’ ಆಯಿತು. ಆಲೆಫ್ ಎಂದರೆ ಹೋರಿ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರವನ್ನು ತಲೆಕೆಳಗು ಮಾಡಿದರೆ ಎರಡು ಕೊಂಬು ಈಗಲೂ ಕಾಣುತ್ತವೆ.

– ಒಬ್ಬ ಓದುಗ